ಬಾಮೈದನ ಎಡಗಾಲು

“ಈ ಬೀರು ಮಾಡಿದ ಬಡಗಿ ಯಾರು ಅಂತ ನಂಗೊಂದ್ಸಲ ಗೊತ್ತಾಗ್ಬೇಕು ಬಾವ. ಇಷ್ಟು ದಪ್ಪ ಹಲಗೆ ಯಾಕೆ? ಒಳಗೆ ಬಟ್ಟೆ ನೇತುಹಾಕ್ತಾರೋ, ಆನೆ ನೇತುಹಾಕ್ತಾರೋ?”

“ಮಾತು ಕಮ್ಮಿ ಮಾಡಿ ಮೆಟ್ಟಿಲು ನೋಡೋ.”

“ಮೆಟ್ಟಿಲಾ ಇದು? ಒಂದು ಗೇಣು, ಇನ್ನೊಂದು ಮೊಳ. ಇದನ್ನ ಕಟ್ಟಿದ ಮೇಸ್ತ್ರಿ ಬೆನ್ನ ಮೇಲೆ ಈ ಬೀರು ಹೊರಿಸಿ, ಹತ್ತಪ್ಪಾ ಮಗನೇ ಹತ್ತು ಅಂತ ಹಿಂದಿನಿಂದ—”

ಮಾತು ಅಲ್ಲಿಗೇ ಕಡಿದುಹೋಯಿತು. ಕೆಳಗಿದ್ದ ಬಾವನಿಗೆ ಬೀರುವಿನ ತಳ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೇಲಿನಿಂದ ಒಂದು ಕ್ಷಣ ಉಸಿರೂ ಕೇಳಲಿಲ್ಲ. ಆಮೇಲೆ, “ಇಳಿಸು! ಬಾವ, ಇಳಿಸು!”

ಬಾವ ಇಳಿಸಿದ. ಟೈಲರಮ್ಮನ ಕನ್ನಡಿ ಬೀರು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವಿನ ತಿರುವಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತ ಸೋಮಾರಿಯ ಹಾಗೆ ಒರಗಿಕೊಂಡಿತು. ಬಾಮೈದ ಮೇಲಿನ ಮೆಟ್ಟಿಲ ಮೇಲೆ ಕುಸಿದು ಕೂತು ಎಡಗಾಲನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದ. ಹೆಬ್ಬೆರಳಿನಿಂದ ಶುರುವಾಗಿ ಅಂಗಾಲಿನುದ್ದಕ್ಕೂ ಯಾರೋ ಕಾದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಹಿಡಿದಿದ್ದರು. ಹಿಡಿದೇ ಇದ್ದರು. ಬಿಡಲಿಲ್ಲ, ಬಿಡಲಿಲ್ಲ, ಬಿಟ್ಟರು. ಶೂ ದಾರ ಕಟ್ಟಿಕೊಳ್ಳುವಷ್ಟು ಹೊತ್ತು, ಅಷ್ಟೇ. ಅವನು ಶೂ ಕಿತ್ತೆಸೆದು ಕಾಲುಚೀಲ ಎಳೆಯುವಷ್ಟರಲ್ಲಿ ಕಾಲು ಏನೂ ಅರಿಯದ ಮಗುವಿನಂತೆ ತಣ್ಣಗೆ ಕೂತಿತ್ತು.

ಬಾವ ಮೊಣಕಾಲೂರಿ ಹೆಬ್ಬೆಟ್ಟಿನಿಂದ ಒತ್ತಿ ನೋಡಿದ. “ಇಲ್ಲಿ ನೋವಾ?”

“ಇಲ್ಲ.”

“ಇಲ್ಲಿ?”

“ಎಲ್ಲೂ ಇಲ್ಲ. ಬಂದಿತ್ತು, ಹೋಯ್ತು.”

“ಬಂದು ಹೋಗೋಕೆ ಅದೇನು ಬಸ್ಸಾ?”

ಮೇಲಿನ ಕಟಾಂಜನಕ್ಕೆ ಆತು ಟೈಲರಮ್ಮ ಇಣುಕಿದಳು. ಕೊರಳಿಗೆ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಮನೆ ಬದಲಾಯಿಸುವಾಗಲೂ ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದಳು. “ಬಾಮೈದಾ, ಕನ್ನಡಿ ಜೋಪಾನ!”

ಕಾಲು ಸುಟ್ಟವನಿಗೆ ಈಗ ಮೈಯೆಲ್ಲ ಉರಿಯಿತು. ಬಾವ-ಬಾಮೈದ ಸಾಮಾನು ಸಾಗಿಸುವ ಜೋಡಿ ಎಂದರೆ ಆ ಬೀದಿಗಳಲ್ಲೆಲ್ಲ ಗೊತ್ತು. ಬಾವನನ್ನು ಎಲ್ಲರೂ ಬಾವ ಎಂದರು, ಸರಿ, ಅದರಲ್ಲೊಂದು ಮರ್ಯಾದೆಯಿತ್ತು. ಇವನನ್ನು ಎಲ್ಲರೂ ಬಾಮೈದ ಎಂದರು. ಹಾಲಿನವನಿಂದ ಹಿಡಿದು ಪೊಲೀಸಿನವನ ತನಕ. “ನಮ್ಮಕ್ಕನ್ನ ಕೊಟ್ಟಿರೋದು ಒಬ್ಬರಿಗೆ! ಊರಿಗೆಲ್ಲ ನಾನ್ ಹೆಂಗ್ರೀ ಬಾಮೈದ ಆಗ್ತೀನಿ?” ಎಂದು ಮೊದಮೊದಲು ಅಂಗಿ ತೋಳು ಮಡಚಿಕೊಂಡು ಜಗಳಕ್ಕೆ ಹೋಗುತ್ತಿದ್ದ. ಜಗಳಕ್ಕೆ ಹೋದಷ್ಟೂ ಹೆಸರು ಗಟ್ಟಿಯಾಯಿತು.

ಸಿಟ್ಟು ಅವನಿಗೆ ಹಸಿವಿದ್ದ ಹಾಗೆ, ಹೊತ್ತುಹೊತ್ತಿಗೆ ಬರುತ್ತಿತ್ತು. ಶಾಲೆ ಬಿಟ್ಟಿದ್ದೂ ಸಿಟ್ಟಿನಲ್ಲೇ. ಮೇಷ್ಟ್ರು ಒಂದು ಮಾತು ಅಂದರು, ಇವನು ನಾಲ್ಕು ಅಂದ, ಚೀಲ ಬೆಂಚಿನ ಮೇಲೇ ಬಿಟ್ಟು ಬಂದ. ಆಮೇಲೆ ಅಕ್ಕನ ಗಂಡ ಕರೆದುಕೊಂಡು ಹೋಗಿ ಒಂದು ಸೋಫಾದ ಇನ್ನೊಂದು ತುದಿ ಹಿಡಿಸಿದ. ಅಂದಿನಿಂದ ಅವನ ಸಿಟ್ಟಿಗೆ ಒಂದು ಕೆಲಸ ಸಿಕ್ಕಿತು. ಬೈಯುತ್ತಾ ಎತ್ತಿದರೆ ಭಾರ ಕಡಿಮೆಯಾಗುತ್ತದೆ ಎಂದು ಅವನು ಕಂಡುಕೊಂಡ. ಬಾವನಿಗೂ ಅದು ಒಗ್ಗಿತು. ಕೆಳಗಿನವನಿಗೆ ಕಣ್ಣಿಲ್ಲ, ಮೇಲಿನವನ ಬೈಗುಳ ಯಾವ ಕಡೆ ತಿರುಗಿತು, ಎಷ್ಟು ಮೇಲೇರಿತು ಎಂದು ಕೇಳಿಕೊಂಡೇ ಅವನು ಹೆಜ್ಜೆ ಇಡುತ್ತಿದ್ದ.

ಅವರ ಕೆಲಸದಲ್ಲಿ ಇದ್ದದ್ದು ಒಂದೇ ಕಾನೂನು, ಬಾವ ಮಾಡಿದ್ದು: ಮೊದಲು ಇಳಿಸು, ಆಮೇಲೆ ಕೇಳು. ಜೋಡಿಯಲ್ಲಿ ಯಾರೇ ‘ಇಳಿಸು’ ಎನ್ನಲಿ, ಇನ್ನೊಬ್ಬ ಬಾಯಿ ಮುಚ್ಚಿಕೊಂಡು ಇಳಿಸಬೇಕು. ಯಾಕೆ, ಏನು, ಹೇಗೆ ಎಲ್ಲ ನೆಲ ಮುಟ್ಟಿದ ಮೇಲೆ. ಬಾವ ತರುಣನಾಗಿದ್ದಾಗ ಅವನ ಜೊತೆಗಾರನೊಬ್ಬ ಕಬ್ಬಿಣದ ತಿಜೋರಿ ಹಿಡಿದುಕೊಂಡೇ ‘ಯಾಕೆ?’ ಎಂದು ಕೇಳಿದ್ದ. ಬಾವನ ಬಲಗೈ ಕಿರುಬೆರಳು ಇವತ್ತಿಗೂ ಪ್ರಶ್ನಾರ್ಥಕ ಚಿಹ್ನೆಯ ಹಾಗೇ ಡೊಂಕಾಗಿತ್ತು.

ಈಗ ಕೆಲವು ತಿಂಗಳಿಂದ ಬಾಮೈದನ ಬಾಯಿಂದ ‘ಇಳಿಸು’ ಬರುವುದು ಜಾಸ್ತಿಯಾಗಿತ್ತು. ಮೊದಲು ಶೂಗಳ ಮೇಲೆ ಅನುಮಾನ ಬಂತು. ಒಳಗೆ ಮೊಳೆ ಎದ್ದಿದೆ ಎಂದು ಚಮ್ಮಾರನ ಹತ್ತಿರ ಬಿಚ್ಚಿಸಿದರು. ಮೊಳೆ ಇರಲಿಲ್ಲ. ಹೊಸ ಜೋಡಿ ತಂದರು. ಹೊಸದೂ ಸುಟ್ಟಿತು. ಕೊನೆಗೆ ಬಾವನೇ, “ಕೊಡು ಇಲ್ಲಿ, ಅದೇನು ಕಚ್ಚುತ್ತೆ ನೋಡೇಬಿಡ್ತೀನಿ” ಎಂದು ಬಾಮೈದನ ಎಡಗಾಲಿನ ಶೂ ತಾನು ಹಾಕಿಕೊಂಡು, ತನ್ನದನ್ನು ಅವನಿಗೆ ಕೊಟ್ಟು, ಒಂದು ಇಡೀ ದಿನ ದುಡಿದ. ಬಾವನ ಪಾದ ದೊಡ್ಡದು, ಬಾಮೈದನದು ಸಣ್ಣದು. ಒಬ್ಬ ಕುಂಟುತ್ತಾ, ಇನ್ನೊಬ್ಬ ಟಪ್ ಟಪ್ ಎಳೆಯುತ್ತಾ ಮಂಚ ಹೊತ್ತು ನಡೆದದ್ದನ್ನು ಬೀದಿ ಮಂದಿ ಬಾಗಿಲಿಗೆ ಬಂದು ನಿಂತು ನೋಡಿದರು. ಸಂಜೆಗೆ ಬಾವನ ಕಾಲಲ್ಲಿ ಬೊಕ್ಕೆ ಎದ್ದಿತ್ತು. ನೋವು ಮಾತ್ರ ನಿಯತ್ತಾಗಿ ಬಾಮೈದನ ಕಾಲನ್ನೇ ಹುಡುಕಿಕೊಂಡು ಬಂದಿತ್ತು, ಬಾವನ ದೊಡ್ಡ ಶೂ ಒಳಗೂ.

ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಒಳ್ಳೇ ಕಾಲು, ಇನ್ನೂ ನಾಲ್ಕು ಜನಕ್ಕೆ ಒದೀಬಹುದು” ಎಂದರು. ಶುರು ಮಾಡುವುದಾದರೆ ಇವರಿಂದಲೇ ಮಾಡಬೇಕು ಎಂದು ಬಾಮೈದನಿಗೆ ಅನ್ನಿಸಿತು. ನೋವು ಅಂತ ಬಂದವನಿಗೆ ನಿನಗೆ ನೋವಿಲ್ಲ ಎಂದು ಕಾಗದ ತೋರಿಸುವ ಜನ! ಆ ಕಾಗದದಲ್ಲಿ ಕಾಣುವುದಷ್ಟೇ ನೋವಾದರೆ, ಅದನ್ನು ಕಾಗದಕ್ಕೇ ಕೊಟ್ಟುಬಿಡಬಹುದಿತ್ತಲ್ಲ.

ಬೀರು ಮೂರನೇ ಮಹಡಿ ಸೇರಿತು. ಇಬ್ಬರೂ ಕೆಳಗೆ ಬಂದು, ಟೈಲರಮ್ಮನ ಇನ್ನೂ ಮೇಲೇರದ ಸೋಫಾದ ಮೇಲೆ, ನಡುಬೀದಿಯಲ್ಲೇ, ಊಟದ ಡಬ್ಬಿ ಬಿಚ್ಚಿ ಕೂತರು.

ಬಾವ ಎರಡು ತುತ್ತು ನುಂಗಿ, “ಒಂದು ಮಾತು ಕೇಳ್ತೀನಿ. ಸಿಟ್ಟಾಗ್ಬೇಡ” ಎಂದ.

“ಸಿಟ್ಟಾಗ್ಬೇಡ ಅಂದ್ರೇನೇ ನಂಗೆ ಸಿಟ್ಟು ಬರೋದು. ಕೇಳಿ.”

“ಕೆಲಸ ಬೇಜಾರಾಗಿದ್ರೆ ಹೇಳ್ಬಿಡೋ. ನಾನೇನೂ ಅಂದ್ಕೊಳಲ್ಲ, ಅಕ್ಕಂಗೂ ನಾನೇ ಹೇಳ್ತೀನಿ. ಬೇರೆಯವನನ್ನ ನೋಡ್ಕೋತೀನಿ. ಕಾಲಿನ ನೆಪ ಯಾಕೆ ಸುಮ್ನೆ?”

ಬಾಮೈದ ಸಿಟ್ಟಾಗಲಿಲ್ಲ. ಅದೇ ವಿಚಿತ್ರ. ಬಡಗಿಯ ಮೇಲೆ, ಮೇಸ್ತ್ರಿಯ ಮೇಲೆ, ಮೂಳೆ ಡಾಕ್ಟರ ಮೇಲೆ ಉಕ್ಕುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ, ಡಬ್ಬಿಯೊಳಗಿನ ತುತ್ತು ತಣ್ಣಗಾಯಿತು. ಬಾವ ‘ಯಾಕೆ’ ಎಂದಿದ್ದ. ಬೀರು ನೆಲದ ಮೇಲಿತ್ತು, ನಿಜ. ಕಾನೂನು ಮುರಿದಿರಲಿಲ್ಲ. ಆದರೂ ಎಲ್ಲೋ ಏನೋ ಕೈಜಾರಿದ ಹಾಗಾಯಿತು. ಅವನು ಡಬ್ಬಿ ಮುಚ್ಚಿ ಎದ್ದು ನಿಂತ.

“ಇನ್ಮೇಲೆ ನನ್ನ ಬಾಯಿಂದ ‘ಇಳಿಸು’ ಅಂತ ಬರಲ್ಲ. ಬಂದ್ರೆ ಕೇಳಿ.”

“ಅದಲ್ವೋ ನಾನ್ ಹೇಳಿದ್ದು—”

“ಸೋಫಾ ಎತ್ತಿ ಬಾವ.”

*

ಮುಂದಿನ ವಾರದ ಕೆಲಸ ಹಲ್ಲಿನ ಡಾಕ್ಟರದು. ಹಳೆಯ ಕಟ್ಟಡದ ಮೇಲಿನ ಮಹಡಿಯಿಂದ ಎದುರು ಬೀದಿಯ ಹೊಸ ಅಂಗಡಿಗೆ ಅವರ ಆಸ್ಪತ್ರೆ ಇಳಿಯಬೇಕಿತ್ತು. ಸಣ್ಣಪುಟ್ಟದ್ದೆಲ್ಲ ಬೆಳಿಗ್ಗೆಯೇ ಇಳಿಯಿತು. ಉಳಿದದ್ದು ರೋಗಿಗಳು ಒರಗುವ ಕುರ್ಚಿ. ಕಬ್ಬಿಣದ ಬುಡ, ಮೇಲೆ ದಪ್ಪ ಮೆತ್ತೆ, ತಲೆಗೊಂದು ದಿಂಬು. ನೋಡಲು ಮಹಾರಾಜ, ತೂಕದಲ್ಲಿ ಮಹಾರಾಜನ ಕುದುರೆ.

ಇಳಿಯುವಾಗ ಬಾವ ಮುಂದೆ, ಹಿಮ್ಮುಖವಾಗಿ, ಬಾಮೈದ ಮೇಲೆ. ಹಲ್ಲಿನ ಡಾಕ್ಟರು ಮಹಡಿಯ ಬಾಗಿಲಲ್ಲಿ ನಿಂತು, ತಾವು ಹಲ್ಲು ಕೀಳುವಾಗ ರೋಗಿಗಳು ಹೇಗೆ ಮುಖ ಮಾಡುತ್ತಾರೋ ಹಾಗೆ ಮುಖ ಮಾಡಿಕೊಂಡು ನೋಡುತ್ತಿದ್ದರು.

“ಬಾವ, ಈ ಕುರ್ಚಿ ನೋಡಿ. ಜನ ಹಲ್ಲು ಕೀಳ್ತಾರೆ ಅಂತ ಹೆದರಿ ಓಡಿಹೋಗ್ಬಾರ್ದು ಅಂತ ಇಷ್ಟು ಭಾರ ಮಾಡಿರೋದು. ಕಟ್ಟಿಹಾಕಿದ್ರೆ ಕುರ್ಚಿ ಸಮೇತ ಓಡ್ತಾರಲ್ಲ, ಅದಕ್ಕೆ. ಎಡಕ್ಕೆ, ಎಡಕ್ಕೆ. ಗೋಡೆ ಇದೆ. ಈ ಗೋಡೆಗೆ ಬಣ್ಣ ಹೊಡೆದವನ ಕಣ್ಣಿಗೆ—”

ನಿಂತಿತು.

ಬಾವ ಒಂದು ಮೆಟ್ಟಿಲು ಇಳಿದ. ಕಿವಿ ನಿಮಿರಿಸಿದ. ಮೇಲಿನಿಂದ ಏನೂ ಬರಲಿಲ್ಲ. ಅವನಿಗೆ ಕತ್ತಲಲ್ಲಿ ನಡೆಯುತ್ತಿದ್ದವನ ಕೈದೀಪ ಆರಿದ ಹಾಗಾಯಿತು. ತಲೆ ಓರೆ ಮಾಡಿ ಮೇಲೆ ನೋಡಿದ. ಬಾಮೈದನ ಮುಖ ಸುಣ್ಣದ ಗೋಡೆಯಾಗಿತ್ತು. ಹಲ್ಲು ಕಚ್ಚಿದ್ದ. ಕಣ್ಣಿನಿಂದ ನೀರು ಇಳಿದು ಗಲ್ಲದ ತುದಿಯಲ್ಲಿ ತೂಗುತ್ತಿತ್ತು. ಎರಡೂ ಕೈ ಕುರ್ಚಿಯನ್ನು ಬಿಟ್ಟಿರಲಿಲ್ಲ. ಎಡಗಾಲು ಮಾತ್ರ ನೆಲ ಮುಟ್ಟಲೊಲ್ಲದೆ ಗಾಳಿಯಲ್ಲಿತ್ತು.

“ಇಳಿಸು!” ಎಂದು ಕೂಗಿದವನು ಬಾವ.

ಇಳಿಸುವಷ್ಟು ಹೊತ್ತಿರಲಿಲ್ಲ. ಕುರ್ಚಿಯೇ ಇಳಿಯಲು ಶುರುಮಾಡಿತ್ತು. ಬಾವ ಭುಜ ಕೊಟ್ಟ, ಗೋಡೆಗೆ ಬೆನ್ನು ಹಚ್ಚಿದ, ಒಂದು ಮೆಟ್ಟಿಲು ಜಾರಿದ, ಇನ್ನೊಂದು ಜಾರಿದ, ತಿರುವಿನ ಸಮತಟ್ಟು ಸಿಕ್ಕಿತು. ಕುರ್ಚಿ ದಡಕ್ಕನೆ ನೆಟ್ಟಗೆ ಕೂತುಕೊಂಡಿತು. ಅದರ ಹಿಂದೆಯೇ ಜಾರಿಬಂದ ಬಾಮೈದ, ನೇರ ಅದರ ಮೆತ್ತೆಯ ಮೇಲೆ, ತಲೆ ದಿಂಬಿಗೆ ಸರಿಯಾಗಿ, ಅಳತೆ ತೆಗೆದು ಕೂರಿಸಿದ ಹಾಗೆ ಒರಗಿದ. ಬಾವನ ಅಂಗಿ ಬೆನ್ನಿನುದ್ದಕ್ಕೂ ಹರಿದಿತ್ತು. ಅವನು ಅದನ್ನು ನೋಡಲಿಲ್ಲ. ಬಾಮೈದನ ಎಡಗಾಲಿನ ಶೂ ಕಿತ್ತ, ಕಾಲುಚೀಲ ಎಳೆದ.

ಆಗ ಕಂಡಿತು.

ಹೆಬ್ಬೆರಳು ಕುಣಿಯುತ್ತಿತ್ತು. ಉಳಿದ ನಾಲ್ಕು ಬೆರಳು ಗಂಭೀರವಾಗಿ ಕೂತಿದ್ದರೆ ಅದೊಂದು ಮಾತ್ರ ಟಕ್, ಟಕ್, ಟಕ್ ಎಂದು ತಾಳ ಹಾಕುತ್ತಿತ್ತು. ಇಷ್ಟು ತಿಂಗಳೂ ಶೂ ಕೀಳುವ ಹೊತ್ತಿಗೆ ಎಲ್ಲ ಮುಗಿದಿರುತ್ತಿದ್ದುದರಿಂದ ಯಾರೂ ಅದನ್ನು ಕಂಡಿರಲಿಲ್ಲ.

“ನೀನು ಮಾಡ್ತಿದೀಯೇನೋ ಇದನ್ನ?”

“ನಾನ್ಯಾಕೆ ಮಾಡ್ಲಿ?”

“ನಿಲ್ಸು.”

“ನಿಲ್ತಿಲ್ಲ!”

ಬಾವ ಬೆರಳನ್ನು ಮುಷ್ಟಿಯಲ್ಲಿ ಹಿಡಿದ. ಅದು ಮುಷ್ಟಿಯೊಳಗೂ ಹಕ್ಕಿಮರಿಯ ಎದೆಯ ಹಾಗೆ ಹೊಡೆದುಕೊಂಡಿತು. ಮೆಲ್ಲಗೆ, ಇನ್ನೂ ಮೆಲ್ಲಗೆ, ಆಮೇಲೆ ನಿಂತಿತು. ಬಾವ ಬೆರಳನ್ನು ಬಿಡಲಿಲ್ಲ. ಅವನ ಮುಖ ನೋಡಿದರೆ ಒದೆ ತಿಂದವನು ಅವನೇ ಎನ್ನಬೇಕು.

ಮೇಲಿನಿಂದ ಇಳಿದು ಬಂದ ಹಲ್ಲಿನ ಡಾಕ್ಟರು ಇದನ್ನೆಲ್ಲ ಕಂಡಿದ್ದರು. ತಮ್ಮ ಕುರ್ಚಿಯಲ್ಲಿ ಒರಗಿದವನನ್ನು ಕಂಡ ಅಭ್ಯಾಸಬಲದಿಂದ ಬಾಯಿ ತೆಗೆಯಲು ಹೇಳುತ್ತಾರೇನೋ ಎನ್ನುವ ಹಾಗೆ ಬಗ್ಗಿದರು. “ಇದು ಕಾಲಿಂದಲ್ಲ ಕಣಪ್ಪ. ಹಲ್ಲಿಂದೂ ಅಲ್ಲ, ಅಷ್ಟು ನಂಗೆ ಗೊತ್ತು. ನರದ ಡಾಕ್ಟರ ಹತ್ರ ಹೋಗು. ನಾಳೇನೇ ಹೋಗು.” ಆಮೇಲೆ ಕುರ್ಚಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಕುರ್ಚಿಗೇನೂ ಆಗಿಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

*

ನರದ ಆಸ್ಪತ್ರೆಯಲ್ಲಿ ಕಾಲು ನೋವು ಎಂದವನ ತಲೆಗೆ ಅಂಟು ಹಚ್ಚಿ ತಂತಿಗಳ ಗೊಂಚಲು ಸಿಕ್ಕಿಸಿದರು. ಬಾವ ಕಿಟಕಿಯ ಗಾಜಿನಿಂದ ನೋಡಿ ಬಾಯಿಗೆ ಕೈ ಅಡ್ಡ ಹಿಡಿದ. ಹೊರಗೆ ಬಂದ ಬಾಮೈದ, “ನಗೋದಿದ್ರೆ ನೆಟ್ಟಗೆ ನಕ್ಕುಬಿಡಿ” ಎಂದ.

“ನಗ್ತಿಲ್ಲ ಕಣೋ. ನಿನ್ನ ಬುದ್ಧಿ ಕಾಲಲ್ಲಿದೆ ಅಂತ ನಾನು ಮದುವೆ ದಿನದಿಂದ ನಿಮ್ಮಕ್ಕಂಗೆ ಹೇಳ್ತಾನೇ ಇದ್ದೆ. ಇವ್ರಿಗೆ ಈಗ ಗೊತ್ತಾಗಿದೆ.”

ತಂತಿಗಳು ಏನನ್ನೂ ಹೇಳಲಿಲ್ಲ. ಆಮೇಲೆ ಗಡಗಡ ಸದ್ದು ಮಾಡುವ ಕೊಳವೆಯೊಳಗೆ ಮಲಗಿಸಿ ತಲೆಯ ಚಿತ್ರ ತೆಗೆದರು. ಅದನ್ನು ಗೋಡೆಯ ಬೆಳಕಿಗೆ ಸಿಕ್ಕಿಸಿಕೊಂಡು ಕೂತ ಡಾಕ್ಟರಮ್ಮ ಬಾಮೈದನಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅಷ್ಟೇ. ಮೇಜಿನ ಕೆಳಗೆ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಕೂತಿದ್ದಳು. ಅದನ್ನು ಕಂಡು ಬಾಮೈದನಿಗೆ ಸ್ವಲ್ಪ ಧೈರ್ಯ ಬಂತು.

“ನೋವು ಬರೋಕೆ ಮುಂಚೆ ಏನಾದ್ರೂ ಸೂಚನೆ ಸಿಗುತ್ತಾ?”

“ಇಲ್ಲ.”

“ಸಿಗುತ್ತೆ ಮೇಡಂ,” ಎಂದ ಬಾವ. “ಬೈಯೋದು ನಿಲ್ಲಿಸ್ತಾನೆ.”

ಡಾಕ್ಟರಮ್ಮ ನಕ್ಕಳು. ಮರುಕ್ಷಣ ನಗು ನಿಲ್ಲಿಸಿ ಮುಂದೆ ಬಾಗಿದಳು. “ಪ್ರತಿ ಸಲವೂ?”

ಬಾವ ಯೋಚಿಸಿದ. ಬೀರು, ಸೋಫಾ, ಮಂಚ, ಕುರ್ಚಿ ಒಂದೊಂದೇ ಅವನ ಕಣ್ಣ ಮುಂದೆ ಮೆಟ್ಟಿಲು ಹತ್ತಿ ಇಳಿದವು. “ಪ್ರತಿ ಸಲವೂ. ಮಾತು ಅರ್ಧಕ್ಕೆ ಕಡಿಯುತ್ತೆ. ಆಮೇಲೆ ಕೂಗು.”

ಅವಳು ಚಿತ್ರದಲ್ಲಿ ಮೆದುಳಿನ ಬಲಭಾಗದ ನಡುನೆತ್ತಿಯ ಹತ್ತಿರ ಪೆನ್ನಿನ ತುದಿ ಇಟ್ಟಳು. ಅಲ್ಲಿ ಎಳ್ಳಿನಷ್ಟು ದೊಡ್ಡದೊಂದು ಮಸುಕಿತ್ತು. ಹುಟ್ಟಿದಾಗಿನಿಂದ ಇದ್ದಿರಬೇಕು, ಅದರಿಂದ ಪ್ರಾಣಕ್ಕೇನೂ ಭಯವಿಲ್ಲ ಎಂದಳು. “ಎಡಗಾಲಿನ ಸುದ್ದಿಯೆಲ್ಲ ಬಂದು ಸೇರೋದು ಇಲ್ಲಿಗೆ. ಈ ಜಾಗದಲ್ಲಿ ಆಗಾಗ ಕಿಡಿ ಹಾರುತ್ತೆ. ಹಾರಿದಾಗ ಕಾಲು ಸುಡ್ತಿದೆ ಅಂತ ಅನ್ನಿಸುತ್ತೆ. ಪಕ್ಕಕ್ಕೆ ಹರಡಿದ್ರೆ ಬೆರಳು ಕುಣಿಯುತ್ತೆ. ಇದು ಮೂರ್ಛೆರೋಗದ್ದೇ ಒಂದು ಬಗೆ.”

ಬಾಮೈದ ಕುರ್ಚಿಯಿಂದ ಎದ್ದ. “ಏನಂದ್ರಿ? ನಾನು ಬಿದ್ದಿಲ್ಲ. ಬಾಯಲ್ಲಿ ನೊರೆ ಬಂದಿಲ್ಲ. ಎಲ್ಲ ನೆಟ್ಟಗೆ ನೆನಪಿದೆ. ಬೇಕಾದ್ರೆ ಆ ಗೋಡೆಗೆ ಯಾವ ಬಣ್ಣ ಇತ್ತು ಅಂತಾನೂ ಹೇಳ್ತೀನಿ. ಮೂರ್ಛೆ ಅಂತೆ ಮೂರ್ಛೆ!”

“ಎಲ್ಲರೂ ಬೀಳಲ್ಲ. ಇಡೀ ಮನೇಲಿ ಕರೆಂಟು ಹೆಚ್ಚುಕಮ್ಮಿಯಾದ್ರೆ ಬೀಳ್ತಾರೆ. ನಿಮ್ಮದು ಒಂದೇ ಕೋಣೆ. ಅದರಲ್ಲೂ ನೋವೇ ಲಕ್ಷಣ ಆಗೋದು ತೀರಾ ಅಪರೂಪ. ಜುಮ್ಮೆನ್ನೋದು, ಮರಗಟ್ಟೋದು ನೋಡ್ತೀವಿ. ಸುಡೋ ನೋವು ಅಂದ್ರೆ ನಾವೂ ಮೊದಲು ಕಾಲನ್ನೇ ನೋಡೋದು.”

ಬಾಮೈದ ನಿಂತೇ ಇದ್ದ. ಇಷ್ಟು ದಿನ ಎದೆಯಲ್ಲಿ ಕೂತಿದ್ದ ಪ್ರಶ್ನೆ ಈಗ ಬಾಯಿಗೆ ಬಂತು. ದನಿ ಮಾತ್ರ ಸಿಟ್ಟಿನದಾಗಿರಲಿಲ್ಲ. “ಹಂಗಾದ್ರೆ ನೋವು ಸುಳ್ಳಾ?”

“ನೋವು ನಿಜ,” ಎಂದಳು ಡಾಕ್ಟರಮ್ಮ. “ಕಾಲು ಸುಳ್ಳು ಹೇಳ್ತಿದೆ.”

ಬಾಮೈದ ಕೂತ. ತಲೆಯ ಅಂಟು ಇನ್ನೂ ಕೂದಲಲ್ಲಿ ಗಟ್ಟಿಯಾಗಿ ನಿಂತಿತ್ತು. ಅದನ್ನು ಕೆರೆಯುತ್ತಾ ಎರಡು ಸಲ ತನ್ನೊಳಗೇ ಹೇಳಿಕೊಂಡ: ನೋವು ನಿಜ, ಕಾಲು ಸುಳ್ಳು. ಯಾರೋ ಅವನ ಬೆನ್ನಿಂದ ಒಂದು ದೊಡ್ಡ ಬೀರು ಇಳಿಸಿದ ಹಾಗಾಯಿತು.

ಆದರೆ ಇಳಿದದ್ದರ ಜಾಗದಲ್ಲಿ ಇನ್ನೊಂದು ಏರಿತು. ಮಾತ್ರೆ ಹೊತ್ತು ತಪ್ಪಿಸುವಂತಿಲ್ಲ. ನಿದ್ದೆಗೆಡುವಂತಿಲ್ಲ. ನೋವು ಪೂರ್ತಿ ನಿಂತು ಕೆಲವು ತಿಂಗಳು ಕಳೆದು, ತಾನೇ ‘ಸರಿ’ ಎಂದು ಹೇಳುವ ತನಕ, ಭಾರ ಹೊತ್ತು ಮೆಟ್ಟಿಲು ಹತ್ತುವಂತಿಲ್ಲ, ಗಾಡಿ ಓಡಿಸುವಂತಿಲ್ಲ ಎಂದಳು ಡಾಕ್ಟರಮ್ಮ. ಮೆಟ್ಟಿಲಿಲ್ಲದ ಮನೆಗೆ ಯಾರು ಇವರನ್ನು ಕರೆಯುತ್ತಾರೆ?

ಹೊರಗೆ ಗಾಡಿಯ ಹತ್ತಿರ ಬಂದಾಗ ಬಾವ ಬಾಗಿಲು ತೆಗೆಯದೆ ನಿಂತ. ಕಿರುಬೆರಳನ್ನು ಉಜ್ಜಿಕೊಂಡ. “ಇಳಿಸಾಯ್ತಲ್ಲ,” ಎಂದ. “ಈಗ ಬೈ.”

“ಯಾರನ್ನ?”

“ನನ್ನನ್ನ. ನೆಪ ಅಂದೆನಲ್ಲ ಅವತ್ತು.”

ಬಾಮೈದ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದ. ಆಮೇಲೆ ಗಾಡಿಯೊಳಗೆ ಕೂತು ಶುರುಮಾಡಿದ. ಬಾವನ ಅನುಮಾನದಿಂದ ಶುರುವಾಗಿ, ಅವನ ದೊಡ್ಡ ಪಾದ, ಅವನ ಗೊರಕೆ, ಅವನು ಗಾಡಿ ಓಡಿಸುವ ರೀತಿ, ಮದುವೆಯಲ್ಲಿ ಅವನು ಹಾಕಿಕೊಂಡಿದ್ದ ಅಂಗಿ, ಒಂದನ್ನೂ ಬಿಡದೆ ಬೈದ. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ಗಾಜು ಇಳಿಸಿ ಕೇಳಿದರು. ಬಾವ ಬಹಳ ದಿನದ ಮೇಲೆ ಒಳ್ಳೆಯ ಹಾಡು ಕೇಳುವವನ ಹಾಗೆ ತಲೆದೂಗುತ್ತಾ ಮನೆ ತನಕ ಗಾಡಿ ಓಡಿಸಿದ.

ಅಕ್ಕ ಎಲ್ಲ ಕೇಳಿಸಿಕೊಂಡು ಸೊಂಟಕ್ಕೆ ಕೈ ಇಟ್ಟಳು. ತಮ್ಮನ ಸಿಟ್ಟು ಹೊಸದಾಗಿ ಹುಟ್ಟಿದ್ದೇನಲ್ಲ ಎಂದು ಆ ನಿಲುವೇ ಹೇಳುತ್ತಿತ್ತು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಶೂ ಬಿಚ್ಚಿಸಿದ್ರಿ, ಶೂ ತಂದ್ರಿ, ಅವನ ಶೂ ನೀವು ಹಾಕ್ಕೊಂಡು ಓಡಾಡಿದ್ರಿ. ಇನ್ನು ಅವನ ತಲೆ ಹಾಕ್ಕೊಂಡು ಓಡಾಡಿ, ನೋಡೋಣ.”

“ಬೇಡ ಮಾರಾಯ್ತಿ,” ಎಂದ ಬಾವ. “ಅದರೊಳಗೆ ಬರೀ ಕಿಡಿ ಅಂತೆ.”

ಮೂವರಲ್ಲಿ ಮೊದಲು ನಕ್ಕವನು ಬಾಮೈದ.

ಊಟಕ್ಕೆ ಕೂತಾಗ ಅವನು ತಟ್ಟೆ ನೋಡಿಕೊಂಡೇ ಕೇಳಿದ. “ಬೇರೆಯವನನ್ನ ನೋಡ್ಕೋತೀರಾ ಬಾವ?”

“ನೋಡ್ಕೋಬೇಕು,” ಎಂದ ಬಾವ. “ನೀನು ಬರೋ ತನಕ.”

*

ಬದಲಿಗೆ ಬಂದವನು ದೈತ್ಯ. ಒಬ್ಬನೇ ಮಂಚ ಎತ್ತುವಂಥವನು. ಒಂದೇ ಕುಂದು, ಮಾತಾಡುತ್ತಿರಲಿಲ್ಲ. ಸರಿ ಎಂದರೆ ತಲೆಯಾಡಿಸುತ್ತಿದ್ದ, ತಪ್ಪು ಎಂದರೂ ತಲೆಯಾಡಿಸುತ್ತಿದ್ದ. ಕೆಳಗಿದ್ದ ಬಾವನಿಗೆ ಅವನ ತಲೆ ಹೇಗೆ ಕಾಣಬೇಕು? ಮೊದಲನೇ ದಿನವೇ ಮೇಜಿನ ಕಾಲು ಬಾಗಿಲುವಾಡಕ್ಕೆ, ಬಾಗಿಲುವಾಡ ಬಾವನ ಹಣೆಗೆ ಬಡಿಯಿತು. ಬಾಮೈದ ಆಗ ಗಾಡಿಯ ಹತ್ತಿರ ಗಾಜಿನ ಸಾಮಾನು ಹಳೆಯ ಕಂಬಳಿಯಲ್ಲಿ ಸುತ್ತುತ್ತಿದ್ದ. ಸದ್ದು ಕೇಳಿ ಓಡಿಬಂದು ಮೆಟ್ಟಿಲ ತಿರುವಿನಲ್ಲಿ ನಿಂತ.

“ಏಯ್ ಬೆಟ್ಟಾ! ಬಲಕ್ಕೆ ಬಾ. ಅದು ಬಲ ಅಲ್ಲ, ನಿನ್ನ ಇನ್ನೊಂದು ಬಲ! ಬಾವ, ಎರಡು ಮೆಟ್ಟಿಲು ಇದೆ, ಎರಡನೇದು ಮೋಸದ ಮೆಟ್ಟಿಲು. ಕಟ್ಟಿದವನ ಮನೆ ಹಾಳಾಗ, ಹಾಂ, ಬನ್ನಿ.”

ಬಾವನ ಹೆಗಲು ಸಡಿಲವಾದದ್ದು ಅಲ್ಲಿಂದಲೇ ಕಂಡಿತು. ಅಂದಿನಿಂದ ಮೂವರ ಜೋಡಿಯಾಯಿತು. ಇಬ್ಬರು ಹೊರುವವರು, ಒಬ್ಬ ಬೈಯುವವನು. ಗಾಡಿಗಳು ನಿಲ್ಲುವ ಜಾಗದಲ್ಲಿ ಒಬ್ಬ ಚಾಲಕ, “ಅವಂಗೆ ಮೂರ್ಛೆ ಅಂತಲ್ಲಪ್ಪ. ಮತ್ತೆ ಅವನ ಜೊತೆ ಮೆಟ್ಟಿಲು ಹತ್ತುತೀಯಾ?” ಎಂದು ಬಾವನ ಕಿವಿಯಲ್ಲಿ ಕೇಳಿದ. ಬಾವ ಎಲ್ಲರಿಗೂ ಕೇಳುವ ಹಾಗೆ ಉತ್ತರ ಕೊಟ್ಟ: “ಹತ್ತುತೀನಿ. ಅವನು ಸುಮ್ಮನಾದ್ರೆ ಇಳಿಸಬೇಕು ಅಂತ ನಂಗೊತ್ತು. ನೀನು ಯಾವಾಗ ಸುಮ್ಮನಾಗ್ತೀಯೋ ಗೊತ್ತೇ ಆಗಲ್ವಲ್ಲ.”

ಮಾತ್ರೆ ಮೊದಮೊದಲು ಬಾಮೈದನಿಗೆ ತೂಕಡಿಕೆ ತಂದಿತು. ಹಾಗಾಗಿ ಮಾತ್ರೆ ಮಾಡಿದವರಿಗೂ ಬೈಗುಳದಲ್ಲಿ ಪಾಲು ಸಿಕ್ಕಿತು. ನೋವು ಒಂದೆರಡು ಸಲ ಬಾಗಿಲ ತನಕ ಬಂದು, ಒಳಗೆ ಬರಲೋ ಬೇಡವೋ ಎಂದು ನಿಂತು, ವಾಪಸು ಹೋಯಿತು. ಆಮೇಲೆ ಬರುವುದನ್ನೇ ಬಿಟ್ಟಿತು. ಒಂದು ದಿನ ಡಾಕ್ಟರಮ್ಮ, ಅವತ್ತೂ ಬರಿಗಾಲಲ್ಲೇ ಕೂತಿದ್ದವಳು, ಪೆನ್ನಿನ ಮುಚ್ಚಳ ಹಾಕಿ, “ಇನ್ನು ಎತ್ತಬಹುದು. ಮಾತ್ರೆ ಬಿಡಬೇಡಿ” ಎಂದಳು.

*

ಮೊದಲ ಕೆಲಸ ಟೈಲರಮ್ಮನದೇ. ಆ ಮನೆಯ ಮಾಲೀಕನ ಜೊತೆಗೂ ಅವಳಿಗೆ ಆಗಿಬರಲಿಲ್ಲ. ಅವನ ಪ್ಯಾಂಟಿನ ಸೊಂಟ ಬಿಗಿಯಾಯಿತಂತೆ, ಹೊಲಿಗೆ ತಪ್ಪೋ ಹೊಟ್ಟೆ ತಪ್ಪೋ ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ. ಹೊಸ ಮನೆ ಎರಡು ಬೀದಿಯಾಚೆ, ಅದೂ ಮೇಲಿನ ಮಹಡಿಯಲ್ಲೇ, ಮೆಟ್ಟಿಲ ನೆತ್ತಿಯ ಮೇಲೆ ಗಾಜಿನ ಬೆಳಕಿಂಡಿ.

ದೈತ್ಯ ಹೊಲಿಗೆ ಯಂತ್ರವನ್ನು ಮಗುವಿನ ಹಾಗೆ ಎತ್ತಿಕೊಂಡು ಮುಂದೆ ಹೋದ. ಬಾವ ಬೀರುವಿನ ಬುಡದಲ್ಲಿ ನಿಂತು ಅಂಗೈಗೆ ಅಂಗೈ ಉಜ್ಜಿದ. “ನೀನು ಮೇಲೆ.”

ಬಾಮೈದ ಮೇಲಿನ ತುದಿ ಹಿಡಿದ. ಬೀರು ಮೊದಲಿಗಿಂತ ಭಾರವಾಗಿತ್ತು, ಅಥವಾ ತೋಳು ಮೆತ್ತಗಾಗಿತ್ತು. “ಇದೇ ಬಡಗಿ ಬಾವ! ನಾನು ಮರೆತಿಲ್ಲ. ಇಷ್ಟು ತಿಂಗಳು ಕಳೆದ್ರೂ ಇವನ ಹಲಗೆ ಒಂದು ಕೂದಲೂ ಸವೆದಿಲ್ಲ. ಯಾವ ಮರ ಇದು? ಮರಾನೋ ಬಂಡೆನೋ? ಹತ್ತಿ. ಇನ್ನೊಂದು. ತಿರುವು ಬಂತು, ಬುಡ ನಿಮ್ಮ ಕಡೆ ಎಳ್ಕೊಳ್ಳಿ. ಇಲ್ಲಿ ಯಾರೋ ಹೂಕುಂಡ ಇಟ್ಟಿದಾರೆ ನೋಡಿ, ಮೆಟ್ಟಿಲ ಮೇಲೆ ಹೂಕುಂಡ! ಇವರ ತಲೇಲಿ ನನ್ನ ತಲೆಗಿಂತ ದೊಡ್ಡ ಕಿಡಿ—”

ಮುಂದಿನ ಹೆಜ್ಜೆಗೆ ಕನ್ನಡಿಯ ಮೇಲೆ ಹೊದಿಸಿದ್ದ ಕಂಬಳಿ ಜಾರಿ ಒಂದು ಬದಿಗೆ ಬಿತ್ತು. ಮೇಲ್ಮುಖವಾಗಿದ್ದ ಕನ್ನಡಿಯಲ್ಲಿ ಬೆಳಕಿಂಡಿಯ ಆಕಾಶವಿತ್ತು, ಅದರ ಅಂಚಿನಲ್ಲಿ ಬೆವೆತ ಮುಖವೊಂದು ತಲೆಕೆಳಗಾಗಿ ನಗುತ್ತಿತ್ತು. ಅದು ಯಾರ ಮುಖ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಅಷ್ಟು ಹೊತ್ತು ಅವನ ಬಾಯಿ ನಿಂತಿತ್ತು.

ಬೀರು ನೆಲದ ಮೇಲಿತ್ತು. ಅವನು ಇಳಿಸಿದ್ದಲ್ಲ, ಕೆಳಗಿನವನು ಇಳಿಸಿದ್ದ. ಇವನ ಕೈ ಅದರ ಜೊತೆಗೇ ಹೋಗಿತ್ತು. ಒಂದು ಮಾತಿಲ್ಲ, ಒಂದು ಪ್ರಶ್ನೆಯಿಲ್ಲ. ಬೀರು ಗಟ್ಟಿಯಾಗಿ ಕೂತಿದೆ ಎಂದು ಕೈಯಾಡಿಸಿ ನೋಡಿದ ಮೇಲೆ ಬಾವ ಅದರ ಪಕ್ಕದಿಂದ ನುಸುಳಿ ಮೇಲೆ ಬಂದ.

“ಬಂತಾ?”

“ಇಲ್ಲ.”

“ಮತ್ಯಾಕೆ ಸುಮ್ಮನಾದೆ?”

“ಬೈಯೋಕೆ ಏನೂ ತೋಚಲಿಲ್ಲ ಬಾವ.”

ಬಾವ ನಂಬಲಿಲ್ಲ. ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಬಾಮೈದನ ಎಡಗಾಲಿನ ಶೂ ತುದಿಯನ್ನೇ ದಿಟ್ಟಿಸಿದ. ಡೊಂಕು ಕಿರುಬೆರಳಿನ ಕೈಯನ್ನು ಅದರ ಮೇಲಿಟ್ಟ. ಬಾಮೈದನೂ ಬಗ್ಗಿ ನೋಡಿದ. ಮೇಲಿನಿಂದ ದೈತ್ಯ ಇಣುಕಿದ. ಅವನ ಪಕ್ಕದಲ್ಲಿ ಟೈಲರಮ್ಮ ಗುಂಡುಸೂಜಿಗಳ ನಡುವಿನಿಂದ, “ಏನಾಯ್ತು ಬಾಮೈದಾ?” ಎಂದಳು. ಎಲ್ಲರೂ ಒಂದು ಹಳೆಯ ಶೂ ನೋಡುತ್ತಿದ್ದರು. 

ಶೂ ಅಲುಗಲಿಲ್ಲ.

ಬಾವ ಮೊಣಕಾಲಿಗೆ ಕೈ ಊರಿ ಎದ್ದ. ಕೆಳಗೆ ತನ್ನ ಜಾಗಕ್ಕೆ ಹೋಗಿ ಬುಡ ಹಿಡಿದ. ಎತ್ತಲಿಲ್ಲ. ಕಾದ.

ಬಾಮೈದ ಅಂಗೈ ಒರೆಸಿಕೊಂಡು ಗಂಟಲು ಸರಿಮಾಡಿಕೊಂಡ. “ಈ ಬೀರು ಮಾಡಿದ ಬಡಗಿ ಇದಾನಲ್ಲ ಬಾವ...”

“ಹೂಂ, ಹೇಳು,” ಎಂದಿತು ಬೀರುವಿನ ಕೆಳಗಿನ ದನಿ.

ಬೀರು ಎದ್ದಿತು. ಹೊದಿಸದೇ ಬಿಟ್ಟ ಕನ್ನಡಿಯಿಂದ ಹಾರಿದ ಬೆಳಕಿನ ಚೌಕವೊಂದು ಗೋಡೆಯ ಮೇಲೆ ತೂರಾಡುತ್ತಾ, ಅವರಿಗಿಂತ ಒಂದು ತಿರುವು ಮುಂದೆ, ಮೆಟ್ಟಿಲು ಹತ್ತುತ್ತಿತ್ತು.